ತಂಬಿಗೆಯ ಮೇಲಿನ ತಾಲೂಕು

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಮರುವಾರ, ಬುಧವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಸೂಡಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಆರು ಜನ: ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಅಪ್ಪ, ಅವ್ವ, ತುಳಸಿ ಲಗ್ನ ಕಳೆದ ಮೇಲೆ ನರಗುಂದಕ್ಕೆ ಸೊಸೆಯಾಗಿ ಹೋಗಲಿದ್ದ ಅಕ್ಕ ನೀಲವ್ವ, ಗಜೇಂದ್ರಗಡದಿಂದ ಭಾಂಡೆ ಪಾತ್ರೆಗಳಿಗೆ ಹೆಸರು ಕೊರೆಯಲು ಬಂದಿದ್ದ ನೇಮಣ್ಣ, ಮತ್ತು ಐದನೆಯ ಇಯತ್ತೆಯ ನಾನು, ಕೈಯಲ್ಲಿ ಸೀಮೆಸುಣ್ಣ. ಗೈರುಹಾಜರಾದವನು ಅಪ್ಪನ ತಮ್ಮ, ನಮ್ಮ ಕಾಕಾ ಒಬ್ಬನೇ. ನೆಲದಡಿಯ ಹಗೇವಿನಲ್ಲಿಟ್ಟ ಜೋಳ ಮಾರಲು ಹಿಂದಿನ ದಿನ ರೋಣದ ಪೇಟೆಗೆ ಹೋದವನು ಇನ್ನೂ ಬಂದಿರಲಿಲ್ಲ. ಶಾಲೆಗೆ ದೀಪಾವಳಿಯ ಸೂಟಿ ಮುಗಿದಿರಲಿಲ್ಲ, ಆದ್ದರಿಂದ ನನಗೆ ಕೆಲಸ ಹಚ್ಚಲು ಯಾರಿಗೂ ಅಡ್ಡಿಯಿರಲಿಲ್ಲ.

ಏಳು ಗಂಟೆ ಎಂದು ಖಚಿತವಾಗಿ ಬರೆಯಲು ಕಾರಣ, ನೇಮಣ್ಣ ಬಂದದ್ದು ಮೊದಲ ಬಸ್ಸಿಗೆ. ಉಳಿದ ಹೊತ್ತನ್ನೆಲ್ಲ ನಮ್ಮ ಮನೆಯಲ್ಲಿ ಹೇಳುತ್ತಿದ್ದುದು ಮಾಳಿಗೆಯ ಬೆಳಕಿಂಡಿ. ಮಣ್ಣಿನ ಮಾಳಿಗೆಯ ಚಾವಣಿಯಲ್ಲಿ ಊಟದ ಗಂಗಾಳದಗಲದ ಒಂದು ತೂತು. ಅದರಿಂದ ಇಳಿದ ಬಿಸಿಲು ನಡುಮನೆಯಲ್ಲಿ ಗುಂಡಗೆ ಬಿದ್ದು, ಪಡುವಣ ಗೋಡೆಯಿಂದ ಮೂಡಣ ಗೋಡೆಯ ಕಡೆಗೆ ದಿನವಿಡೀ ತೆವಳುತ್ತಿತ್ತು. ಬಿಸಿಲು ಗೋಡೆಯ ಗೂಟಕ್ಕೆ ಬಂದರೆ ರೊಟ್ಟಿ, ನಡುಗಂಬದ ಬುಡಕ್ಕೆ ಬಂದರೆ ಮಧ್ಯಾಹ್ನದ ಊಟ, ಬೀಸುಕಲ್ಲನ್ನು ಮುಟ್ಟಿದರೆ ಆಯಿಯ ಎಲೆ ಅಡಿಕೆ. ಮೋಡ ಕವಿದ ದಿನ ಆಯಿ ಅಂದಾಜಿನ ಮೇಲೆ ಹೊತ್ತು ಹೇಳುತ್ತಿದ್ದಳು. ಅದನ್ನು ಪ್ರಶ್ನಿಸಿದವರನ್ನು ನಾನು ಕಂಡಿಲ್ಲ. ಕೋಳಿ ಕೂಗಿದೊಡನೆ ಏಳಬೇಕು. ಹಾಸಿಗೆ ಸುತ್ತಿ ಅದೇ ಮೂಲೆಗೆ ಇಡಬೇಕು. ಚರಿಗೆಯನ್ನು ಎತ್ತಿಕೊಂಡ ಕಡೆಯೇ ಬೋರಲು ಹಾಕಬೇಕು. ಮುಂದೆ ನಾನು ಶಿಕ್ಷಕಿಯಾಗಿ ಬಹಳ ವರ್ಷ ಶಾಲೆ ನಡೆಸಿದೆ. ನಮ್ಮ ಬಾಯಾರು ಗಂಟೆ ಹೊಡೆಯುವ ಮೊದಲೇ ಬಂದು ಕೂತಿರುತ್ತಾರೆ ಎಂದು ಮಕ್ಕಳು ಹಿಂದೆ ಬೈದುಕೊಳ್ಳುತ್ತಿದ್ದರಂತೆ. ಆ ಬೈಗುಳ ಪೂರ್ತಿಯಾಗಿ ಆಯಿಗೆ ಸಲ್ಲಬೇಕು.

ಕಾಕಾ ಈ ಶಿಸ್ತಿಗೆ ಜಿಲ್ಲಾಡಳಿತ ಎಂದು ಹೆಸರಿಟ್ಟಿದ್ದ. ಆಯಿ ಕಲೆಕ್ಟರು, ದೇವರ ಮನೆ ಅವಳ ಕಚೇರಿ. ಅಡುಗೆ ಮನೆ ಅವ್ವನ ತಾಲೂಕು, ಪಡಸಾಲೆ ಅಪ್ಪನದು, ದನ ಕಟ್ಟುವ ಅಂಕಣ ತನ್ನದು. ರೋಣದ ಕಚೇರಿಯಲ್ಲಿ ತಾಲೂಕು ಆಳುವ ಮಾಮಲೇದಾರನನ್ನು ಕಣ್ಣಾರೆ ಕಂಡು ಬಂದವನು ಅವನೊಬ್ಬನೇ, ಹಾಗಾಗಿ ಆ ಪದವಿಗಳನ್ನು ಹಂಚುವ ಹಕ್ಕು ಅವನದೇ. ಅಪ್ಪ ಬೆಲ್ಲ ಹುಡುಕಿಕೊಂಡು ಅಡುಗೆ ಮನೆಯ ಹೊಸ್ತಿಲು ದಾಟಿದರೆ ಅಂಕಣದಿಂದಲೇ ಕೂಗು ಬರುತ್ತಿತ್ತು:

“ಮಾಮಲೇದಾರ್ರ, ನಿಮ್ಮ ಹದ್ದ ಮೀರಿ ಬಂದೀರಿ!”

ಆ ಅಡುಗೆ ಮನೆಯ ಗೋಡೆಯುದ್ದಕ್ಕೂ ಒಂದು ಹಲಗೆ. ಅದರ ಮೇಲೆ ತಾಮ್ರ ಹಿತ್ತಾಳೆಯ ಭಾಂಡೆಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಹೊಟ್ಟೆಯ ಮೇಲೂ ಚುಕ್ಕಿ ಚುಕ್ಕಿಯಾಗಿ ಮನೆಯ ಯಜಮಾನನ ಹೆಸರು, ಊರು, ತಾಲೂಕು, ಜಿಲ್ಲೆ, ಸಾಲದ್ದಕ್ಕೆ ಸರಕಾರ. ಶನಿವಾರಕ್ಕೊಮ್ಮೆ ಹುಣಸೆಹಣ್ಣು, ಬೂದಿ ಹಚ್ಚಿ ಅವನ್ನು ತಿಕ್ಕುವ ಪಾಳಿ ನನ್ನದು. ಮುತ್ತಜ್ಜನ ಹಂಡೆಯ ಮೇಲೆ ಮುಂಬಯಿ ಇಲಾಖೆ, ಅಜ್ಜನ ಅಗಲ ತಟ್ಟೆಯಂಥ ಪರಾತದ ಮೇಲೆ ಮುಂಬಯಿ ರಾಜ್ಯ, ನಾನು ಹುಟ್ಟಿದ ವರ್ಷ ಕೊಂಡ ಬೋಗುಣಿಯ ಮೇಲೆ ಮೈಸೂರು ರಾಜ್ಯ. ಮನೆ ಅದೇ, ಹಲಗೆ ಅದೇ. ಹಂಡೆಯಿಂದ ಬೋಗುಣಿಯವರೆಗೆ ಮೂರು ಮೊಳ ಸರಿದರೆ ಮೂರು ಸರಕಾರ. ಶಾಲೆಯಲ್ಲಿ ಇತಿಹಾಸ ಶುರುವಾಗುವ ಮೊದಲೇ ನನಗೆ ಅದು ಕೈ ಕಪ್ಪಾಗುವ ವಿಷಯ ಎಂದು ಗೊತ್ತಿತ್ತು.

ಇಷ್ಟುದ್ದದ ವಿಳಾಸ ಏಕೆ ಎಂದು ಕೇಳಿದವರಿಗೆ ಆಯಿ ಪರಾತದ ಕಥೆ ಹೇಳುತ್ತಿದ್ದಳು. ಊರಲ್ಲಿ ಯಾರ ಮನೆಯ ಮದುವೆಯಾದರೂ ನಮ್ಮ ದೊಡ್ಡ ಭಾಂಡೆಗಳು ಹೋಗುತ್ತಿದ್ದವು. ಹಾಗೆ ಹೋದ ಪರಾತ ಒಮ್ಮೆ ಬೀಗರ ಬಂಡಿ ಹತ್ತಿ ಎಲ್ಲಿಗೋ ಹೋಯಿತು. ಎರಡು ವರ್ಷದ ಮೇಲೆ ಗುರುತಿಲ್ಲದ ಒಬ್ಬ ಮನುಷ್ಯ ಅದನ್ನು ತಲೆಯ ಮೇಲೆ ಹೊತ್ತುಕೊಂಡು, ಹೆಸರು ಕೇಳುತ್ತ ಕೇಳುತ್ತ ಬಾಗಿಲಿಗೆ ಬಂದನಂತೆ. ಖಾಲಿ ಭಾಂಡೆ ಹಿಂದಿರುಗಿಸಬಾರದೆಂದು ಅದರಲ್ಲಿ ಎರಡು ಹಿಡಿ ಗೋಧಿ ಬೇರೆ ಇತ್ತು. ಈ ಕಥೆ ಮುಗಿದಾಗ ಆಯಿ ಯಾವಾಗಲೂ ಹೇಳುವ ಮಾತು ಒಂದೇ:

“ಭಾಂಡೆದ ಮ್ಯಾಲ ಬರಿಯೂದು ಅದು ಯಾರ್ದು ಅನ್ನಾಕಲ್ಲ. ಕಳದ್ರ ಎಲ್ಲಿಗಿ ತಿರುಗಿ ಬರಬೇಕು ಅನ್ನಾಕ.”

ಅಕ್ಕನಿಗೆ ಕೊಡಲು ತಂದ ಹೊಸ ಭಾಂಡೆ ಇಪ್ಪತ್ತೊಂದು. ಪಡಸಾಲೆಯ ಕಂಬಳಿಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಸಾಲು ಹಚ್ಚಿದ್ದೆವು. ನೇಮಣ್ಣನಿಗೆ ಓದು ಬರುತ್ತಿರಲಿಲ್ಲ. ಅಕ್ಷರ ಅವನಿಗೆ ಬಳ್ಳಿಯೋ ಹೂವೋ ಇದ್ದಂತೆ. ಸೀಮೆಸುಣ್ಣದಲ್ಲಿ ಏನು ಬರೆದುಕೊಟ್ಟರೆ ಅದರ ಮೇಲೆ ಸಣ್ಣ ಉಳಿ ಇಟ್ಟು ಸುತ್ತಿಗೆಯಿಂದ ಟಕಟಕನೆ ಚುಕ್ಕಿ ಹೊಡೆಯುತ್ತಿದ್ದ. ಮನೆಯಲ್ಲಿ ದುಂಡಗೆ ಬರೆಯುವವಳು ನಾನು. ಮಾದರಿಗೆಂದು ಆಯಿ ಹಲಗೆಯ ಮೇಲಿನ ಬೋಗುಣಿ ತಂದು ಮುಂದಿಟ್ಟಳು. ನಾನು ಎಲ್ಲಕ್ಕಿಂತ ಸಣ್ಣದಾದ ಹಿತ್ತಾಳೆಯ ತಂಬಿಗೆಯನ್ನು ಎತ್ತಿಕೊಂಡು ನೋಡಿ ನೋಡಿ ಬರೆದೆ: ಬಸಪ್ಪ ಶಿವಪ್ಪ, ಸೂಡಿ, ತಾ. ರೋಣ, ಜಿ. ಧಾರವಾಡ, ಮೈಸೂರು ರಾಜ್ಯ. ಬಸಪ್ಪ ಎಂದರೆ ಅಪ್ಪ. ಬಿಸಿಲು ಗೂಟಕ್ಕೆ ಬರುವ ಮೊದಲೇ ನೇಮಣ್ಣ ತಂಬಿಗೆಗೆ ಚುಕ್ಕಿ ಹೊಡೆದು ಮುಗಿಸಿದ್ದ. ಹೊತ್ತಿಗಿಂತ ಮುಂದಿದ್ದೇವೆಂದು ನನಗೆ ಭಾರಿ ಹೆಮ್ಮೆ.

ರೊಟ್ಟಿ, ಗುರೆಳ್ಳು ಹಿಂಡಿ, ಕೆನೆಮೊಸರು ತಿನ್ನುತ್ತ ಕೂತಿದ್ದಾಗ ಕಾಕಾ ಬಂದ. ಬಂದವನು ಖಾಲಿ ಚೀಲ ಕೆಳಗಿಟ್ಟು, ತಂಬಿಗೆ ಎತ್ತಿ ಓದಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದ.

“ಯವ್ವಾ, ಈ ರಾಜ್ಯ ಹೋಗಿ ವಾರ ಆಗಾಕ ಬಂತು. ರೋಣದಾಗ ಕಚೇರಿ ಬೋರ್ಡಿಗೆ ಬಣ್ಣಾ ಹಚ್ಚಾಕ ಹತ್ಯಾರ. ನೀವಿಲ್ಲಿ ಸತ್ತ ರಾಜ್ಯದ ಹೆಸರ ಕೊರಸಾಕ ಹತ್ತೀರಿ!”

ಆಯಿ ನನ್ನನ್ನು ನೋಡಿದಳು.

“ಸಾಲಿಗಿ ಹೋಗಾಕಿ ನೀನು. ನಿನಗ ಗೊತ್ತಿರಲಿಲ್ಲೇನ?”

ಗೊತ್ತಿತ್ತು. ರಾಜ್ಯದ ಹೆಸರು ಬದಲಾದ ದಿನ ಗುಡಿಯ ಮುಂದೆ ಮಾಸ್ತರರು ಮಕ್ಕಳನ್ನು ಸೇರಿಸಿ ಕರ್ನಾಟಕ ಎಂದು ಮೂರು ಸಲ ಕೂಗಿಸಿ ಬೆಲ್ಲ ಶೇಂಗಾ ಹಂಚಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಆದರೆ ಮಾದರಿಯಲ್ಲಿ ಮೈಸೂರು ಎಂದಿತ್ತು, ಮಾದರಿ ನೋಡಿ ಬರೆಯಬೇಕು ಎಂದು ಹೇಳಿದ್ದರು. ನಾನು ಹೇಳಿದ್ದನ್ನು ಮಾಡಿದ್ದೆ. ನಮ್ಮ ಮನೆಯಲ್ಲಿ ಬೆಳೆದವರಷ್ಟೇ ಮಾಡಬಲ್ಲ ತಪ್ಪು ಅದು. ಅಳು ಬಂತು, ರೊಟ್ಟಿಯ ತುತ್ತಿನ ಜೊತೆ ನುಂಗಿದೆ.

ರಾಜ್ಯದ ಗೊಂದಲ ಕರ್ನಾಟಕ ಎಂದು ಬರೆದರೆ ತೀರುತ್ತಿತ್ತು. ಆಗ ಅಪ್ಪ ಅಂಗಿಯ ಕಿಸೆಯಿಂದ ಒಂದು ಅಂಚೆ ಕಾರ್ಡು ತೆಗೆದ. ನರಗುಂದದ ಬೀಗರು ಬರೆದದ್ದು. ನಾಲ್ಕು ದಿನದಿಂದ ಆಯಿಗೆ ಹೇಳಲು ಹೆದರಿ ಇಟ್ಟುಕೊಂಡಿದ್ದನೆಂದು ಅದರ ಮಡಿಕೆಗಳೇ ಹೇಳುತ್ತಿದ್ದವು. ಭಾಂಡೆಗಳ ಮೇಲೆ ಅಳಿಯನ ಹೆಸರು, ಊರು ನರಗುಂದ, ತಾ. ನರಗುಂದ ಎಂದು ಹಾಕಿಸಿದರೆ ಅನುಕೂಲ ಎಂದು ವಿನಯವಾಗಿಯೇ ಕೇಳಿದ್ದರು.

“ತಾಮ್ರ ನಮ್ಮದು, ಹೆಸರ ಅವರ್ದ?” ಎಂದಳು ಆಯಿ.

“ಇನ್ನ ಆಕಿ ಅಲ್ಲೆ ಇರಾಕಿ ಅಲ್ಲೇನಬೇ? ಬೀಗರ ಮನಸ್ಸ ನೋಯಿಸಬಾರ್ದು,” ಎಂದ ಅಪ್ಪ.

“ನನ್ನ ಅಪ್ಪ ಕೊಟ್ಟಾಗ ಅಪ್ಪನ ಹೆಸರ ಹಾಕಸಿದ್ದ. ನಿನ್ನ ಮಗಳಿಗಿ ನಿನ್ನ ಹೆಸರ. ಬರಿ, ಹುಡುಗಿ.”

ನಾನು ಹೊಸ ಹಂಡೆಯ ಮೇಲೆ ಅಪ್ಪನ ಹೆಸರು ಬರೆದೆ. ಅಪ್ಪ ಒರೆಸೆಂದ. ಅಳಿಯನ ಹೆಸರು ಬರೆದೆ. ಆಯಿ ಒರೆಸೆಂದಳು. ಹಂಡೆಯ ಹೊಟ್ಟೆ ಬೆಳ್ಳಗಾಯಿತು, ನನ್ನ ಲಂಗವೂ ಬೆಳ್ಳಗಾಯಿತು. ಕಾಕಾ ನಡುವೆ ಹೊಕ್ಕು, ಇವತ್ತು ರೋಣ ತಾಲೂಕೆಂದು ಕೊರೆಸಿದರೆ ನಾಳೆ ಅದೂ ಸುಳ್ಳಾಗುತ್ತದೆ, ಗಜೇಂದ್ರಗಡ ತಾಲೂಕಾಗಲಿದೆ ಎಂದು ಪೇಟೆಯಲ್ಲಿ ಮಾತಿದೆ ಎಂದು ಎಚ್ಚರಿಸಿದ. ಆದಾಗ ನೋಡೋಣ ಎಂದು ಆಯಿ ಅವನನ್ನು ಅಂಕಣಕ್ಕೆ ಅಟ್ಟಿದಳು. ಬಿಸಿಲು ನಡುಗಂಬದ ಬುಡಕ್ಕೆ ಬಂತು. ಜಗಳ ನಿಲ್ಲಿಸಿ ಎಲ್ಲರೂ ಕೈ ತೊಳೆದರು. ನಮ್ಮಲ್ಲಿ ಜಗಳಕ್ಕೂ ಊಟದ ಸೂಟಿ ಇತ್ತು. ಎಣ್ಣೆಗಾಯಿ ಬದನೆಕಾಯಿ, ಬಿಸಿ ರೊಟ್ಟಿ, ನುಚ್ಚು, ಮಜ್ಜಿಗೆ. ನೇಮಣ್ಣ ಬದನೆಕಾಯಿ ಮೂರನೆಯ ಸಲ ಹಾಕಿಸಿಕೊಂಡು ತೃಪ್ತಿಯಿಂದ ಹೇಳಿದ:

“ಸಾವಕಾಶ ಜಗಳಾಡ್ರಿ ಯಜಮಾನ್ರ. ನನಗ ಸಂಜಿ ಬಸ್ಸ ಐತಿ.”

ಊಟವಾಗಿ ಎಲ್ಲರೂ ಮತ್ತೆ ಪಡಸಾಲೆಗೆ ಬಂದು, ಅಪ್ಪ ಮತ್ತೆ ಕಾರ್ಡು ಬಿಚ್ಚುತ್ತಿದ್ದಾಗ ಅಕ್ಕ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಕೈಯೆಲ್ಲ ಜೋಳದ ಹಿಟ್ಟು.

“ಅಪ್ಪಾ, ನನ್ನ ಹೆಸರ ಹಾಕ್ರಿ.”

“ಏನಂದಿ?”

“ಭಾಂಡೆ ನನಗ ಕೊಡಾವು ಹೌದಿಲ್ಲೋ? ನೀಲವ್ವ ಅಂತ ಹಾಕ್ರಿ. ಇಲ್ಲಾಂದ್ರ ಬರೇ ಭಾಂಡೆ ಕೊಡ್ರಿ, ಏನೂ ಬರಸಬ್ಯಾಡ್ರಿ.”

ನಮ್ಮ ಹಲಗೆಯ ಮೇಲೆ ಹೆಂಗಸಿನ ಹೆಸರಿದ್ದ ಒಂದು ಸೌಟೂ ಇರಲಿಲ್ಲ. ತಿಕ್ಕುತ್ತಿದ್ದವಳು ನಾನು, ನನಗೇ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಪ್ಪ ಕಾರ್ಡನ್ನು ಮಡಿಸಿ ಮತ್ತೆ ಬಿಚ್ಚಿದ. ಬೀಗರು ಏನಂದಾರು ಎಂದು ಗೊಣಗಿದ. ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. ಎಲ್ಲರೂ ಆಯಿಯ ಬಾಯಿ ನೋಡಿದೆವು. ಈಗ ಸಿಡಿಲು ಬೀಳುತ್ತದೆಂದು ನಾನು ಸೀಮೆಸುಣ್ಣವನ್ನು ಬೆನ್ನ ಹಿಂದೆ ಅಡಗಿಸಿದೆ. ಆಯಿ ಎಲೆಗೆ ಸುಣ್ಣ ಸವರಿದಳು. ಬಿಸಿಲು ಬೀಸುಕಲ್ಲನ್ನು ಇನ್ನೂ ಮುಟ್ಟಿರಲಿಲ್ಲ. ಹೊತ್ತಿಗೆ ಮೊದಲೇ ಅವಳು ಎಲೆ ಹಾಕಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಪರಾತದ ಕಥಿ ನಿಮಗ ಹೇಳೇನಿ. ಕೊಡದ ಕಥಿ ಹೇಳಿಲ್ಲ,” ಎಂದಳು.

ಅವಳ ಮದುವೆಯಲ್ಲಿ ಅಬ್ಬಿಗೇರಿಯ ತವರಿನಿಂದ ಒಂದು ತಾಮ್ರದ ಕೊಡ ಬಂದಿತ್ತಂತೆ. ಅದರ ಮೇಲೆ ಅವಳ ಅಪ್ಪನ ಹೆಸರು, ಅಬ್ಬಿಗೇರಿ ಊರು. ನಮ್ಮ ಅಪ್ಪ ಇನ್ನೂ ಹುಟ್ಟದಿದ್ದಾಗ, ಸೂಡಿಯ ಒಂದು ಮದುವೆಗೆ ಹೋದ ಆ ಕೊಡ ಪರಾತದಂತೆಯೇ ಕೈತಪ್ಪಿತು. ಸಿಕ್ಕವರು ಒಳ್ಳೆಯವರು. ಹೆಸರು ಓದಿಸಿದರು, ಅಬ್ಬಿಗೇರಿಗೆ ನಡೆದು ಹೋಗಿ ಆಯಿಯ ಅಣ್ಣನ ಮನೆಗೆ ಮುಟ್ಟಿಸಿದರು. ಅಣ್ಣ ಅಪ್ಪನ ಹೆಸರು ನೋಡಿ ಕಣ್ಣಿಗೆ ಒತ್ತಿಕೊಂಡು ಒಳಗಿಟ್ಟ.

“ಮುಂದಿನ ಪಂಚಮಿಗಿ ತವರಿಗಿ ಹೋದ್ನಿ. ನೋಡಿದ್ರ ನನ್ನ ಕೊಡ ಅಣ್ಣನ ಬಚ್ಚಲದಾಗ. ವಿಳಾಸ ಎಲ್ಲಿಗಿ ಹೇಳಿತ್ತೋ ಅಲ್ಲಿಗೇ ಹೋಗಿತ್ತು, ಅದರ ತಪ್ಪೇನು? ನನ್ನದು ಅನ್ನಾಕ ಅದರ ಮ್ಯಾಲ ನನ್ನ ಹೆಸರ ಎಲ್ಲಿತ್ತು?”

ಅಂಕಣದಿಂದ ಕಾಕಾ ಓಡಿ ಬಂದ.

“ತಡಿ ತಡಿ. ಮಾವನ ಮನ್ಯಾಗ ಬಾಯಿ ನೆಗ್ಗಿದ ಕೊಡ? ಉಗಾದಿಗಿ ಹೋದಾಗೆಲ್ಲ ನಾವು ನೀರ ಹೊಯ್ಕೊಂಡ ಜಳಕಾ ಮಾಡ್ತೇವಲ್ಲ, ಅದಾ?”

“ಅದಾ.”

“ಅಂದ್ರ ಇಷ್ಟ ವರ್ಷ ನಮ್ಮ ಕೊಡದಾಗ ನಮಗ ಜಳಕಾ ಮಾಡ್ಸಿ ಉಪಕಾರ ಹೇಳಸ್ಕೊಂಡಾನ ಮಾವ!”

ಮೊದಲು ನಕ್ಕದ್ದು ಅವ್ವ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ಅಪ್ಪ, ಆಮೇಲೆ ಮಾತು ಪೂರ್ತಿ ತಿಳಿಯದ ನಾನು, ಕೊನೆಗೆ ಎಲೆಯ ಕೆಂಪು ಬಾಯಿ ತೆರೆದು ಆಯಿ. ನಗು ಇಳಿದ ಮೇಲೆ ಅವಳು ಕಣ್ಣೊರೆಸಿಕೊಂಡು ಕಲೆಕ್ಟರ ದನಿಗೆ ಮರಳಿದಳು.

“ಭಾಂಡೆ ಕಳದ್ರ ನೀಲವ್ವನ ಕೈಗಿ ಬರಬೇಕು. ನೀಲವ್ವ ಎಲ್ಲಿರ್ತಾಳ? ನರಗುಂದದಾಗ. ಬೀಗರು ಬರದ ಊರ ಹಂಗಾ ಇರ್ಲಿ, ಬರದ ತಾಲೂಕ ಹಂಗಾ ಇರ್ಲಿ. ಹೆಸರಷ್ಟ ಆಕಿದು. ಬಸಪ್ಪಾ, ಇದರಾಗ ಯಾರ ಮನಸ್ಸ ನೋಯತೈತಿ ಹೇಳು.”

ಅಪ್ಪ ಕಾರ್ಡನ್ನು ಕಿಸೆಗೆ ಸೇರಿಸಿದ. ಅದೇ ಅವನ ಒಪ್ಪಿಗೆ. ನಾನು ಹಂಡೆ ಒರೆಸಿ ಹೊಸದಾಗಿ ಬರೆದೆ: ನೀಲವ್ವ, ನರಗುಂದ, ತಾ. ನರಗುಂದ, ಜಿ. ಧಾರವಾಡ, ಕರ್ನಾಟಕ ರಾಜ್ಯ. ನೇಮಣ್ಣನ ಸುತ್ತಿಗೆ ಶುರುವಾಯಿತು. ಅಕ್ಕ ಹಿಟ್ಟಿನ ಕೈಯಲ್ಲೇ ಹಂಡೆಯ ಪಕ್ಕ ಕೂತು ಪ್ರತಿ ಚುಕ್ಕಿ ಬೀಳುವುದನ್ನೂ ನೋಡಿದಳು. ರೊಟ್ಟಿ ತಟ್ಟುವವರಿಲ್ಲದೆ ಹೆಂಚು ಕಾದು ಹೊಗೆ ಬಂದರೂ ಯಾರೂ ಬೈಯಲಿಲ್ಲ.

ಸತ್ತ ರಾಜ್ಯದ ತಂಬಿಗೆಯನ್ನು ಬದಿಗಿಟ್ಟರೆ ಭಾಂಡೆ ಇಪ್ಪತ್ತಕ್ಕೆ ಇಳಿಯುತ್ತಿತ್ತು. ಮದುವೆಯ ಭಾಂಡೆ ಸರಿಸಂಖ್ಯೆಯಲ್ಲಿ ಕೊಡಬಾರದೆಂದು ಆಯಿ ಚಿಂತೆ ಮಾಡುತ್ತಿದ್ದಾಗ ಅವ್ವ ಒಳಗೆ ಹೋಗಿ, ತನ್ನ ಟ್ರಂಕಿನ ತಳದಿಂದ ಸೀರೆಯಲ್ಲಿ ಸುತ್ತಿದ ಒಂದು ತಂಬಿಗೆ ತಂದು ಇಟ್ಟಳು. ಹೊಸದರ ಹೊಳಪು. ಮೈಮೇಲೆ ಒಂದು ಚುಕ್ಕಿಯೂ ಇರಲಿಲ್ಲ.

“ಇದೆಲ್ಲಿಂದು?” ಎಂದಳು ಆಯಿ.

“ನನ್ನ ತಾಯಿ ಕೊಟ್ಟಿದ್ರಿ ಅತ್ತಿ. ಯಾರ ಹೆಸರೂ ಬೀಳಬಾರದಂತ ಮುಚ್ಚಿಟ್ಟಿದ್ನಿ.”

“ಇಪ್ಪತ್ತ ವರ್ಷ ನನ್ನ ಕಣ್ಣ ತಪ್ಪಿಸೀದಿ?”

“ಹೌದ್ರಿ.”

“ಭಾಳ ಶಾಣ್ಯಾಕಿ ಇದ್ದಿ,” ಎಂದು ಆಯಿ ಅದನ್ನು ಸಾಲಿನ ಕೊನೆಗೆ ಇಟ್ಟಳು. ಆ ಮನೆಯಲ್ಲಿ ಅವ್ವನಿಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನರಗುಂದದಲ್ಲಿ ಅಕ್ಕನ ಅತ್ತೆ ಹಂಡೆಯ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಏನು ಬರೆದಿದೆ ಎಂದು ಕೇಳಿದರಂತೆ. ಅಕ್ಕ ಹೆದರುತ್ತ ಓದಿದಳಂತೆ. ಮುಂದಿನ ವರ್ಷ ಅತ್ತೆ ತಮ್ಮದೊಂದು ಕೊಡವನ್ನು ಅಕ್ಕನ ಕೈಯಲ್ಲಿ ಸೂಡಿಗೆ ಕಳಿಸಿ, ನಿಮ್ಮ ನೇಮಣ್ಣನಿಂದ ನನ್ನ ಹೆಸರೂ ಹಾಕಿಸಿಕೊಂಡು ಬಾ ಎಂದರು. ಆಮೇಲೆ ಗದಗ ಬೇರೆ ಜಿಲ್ಲೆಯಾಯಿತು, ಅಕ್ಕನ ಇಪ್ಪತ್ತೊಂದು ಭಾಂಡೆಗಳ ಮೇಲಿನ ಧಾರವಾಡ ಒಂದೇ ದಿನದಲ್ಲಿ ಹಳೆಯದಾಯಿತು. ಗಜೇಂದ್ರಗಡ ತಾಲೂಕಾದ ದಿನ ಕಾಕಾ ಕೋಲೂರಿಕೊಂಡು ಮನೆ ಮನೆಗೆ ಫೇಡೆ ಹಂಚಿದ. ನಾಳೆ ಆಗುತ್ತದೆ ಎಂದು ಅವನು ಹೇಳಿದ ಆ ನಾಳೆಗೆ ನಲವತ್ತು ವರ್ಷದ ಮೇಲೆ ಹಿಡಿದಿತ್ತು, ಆದರೂ “ನಾ ಅವತ್ತ ಹೇಳಿದ್ದೆ” ಎನ್ನುವುದನ್ನು ಬಿಡಲಿಲ್ಲ. ಈಗ ಆಧಾರ ಕಾರ್ಡಿನ ವಿಳಾಸ ತಿದ್ದಿಸಲು ಸೂಡಿಯವರು ನನ್ನಿಂದ ಅರ್ಜಿ ತುಂಬಿಸಿಕೊಳ್ಳುತ್ತಾರೆ. ತಾಲೂಕಿನ ಖಾನೆಗೆ ಬಂದಾಗ ನನ್ನ ಪೆನ್ನು ರೋಣದ ಕಡೆಗೆ ಒಂದು ಗಳಿಗೆ ಹೊರಳುತ್ತದೆ, ಆಮೇಲೆ ಸರಿಯಾಗಿ ಗಜೇಂದ್ರಗಡ ಎಂದು ಬರೆಯುತ್ತೇನೆ. ಮಾದರಿ ನೋಡಿ ಬರೆಯುವುದನ್ನು ಆ ಬುಧವಾರವೇ ಬಿಟ್ಟಿದ್ದೇನೆ. ತಪ್ಪಾದ ಆ ಹಿತ್ತಾಳೆಯ ತಂಬಿಗೆ ಇವತ್ತು ನನ್ನ ಮೇಜಿನ ಮೇಲಿದೆ. ಅದರ ಮೇಲಿನ ರಾಜ್ಯ ಹೋಯಿತು, ಜಿಲ್ಲೆ ಹೋಯಿತು, ತಾಲೂಕು ಹೋಯಿತು, ಅಪ್ಪನೂ ಹೋದ. ಆ ಮಗ್ಗುಲಲ್ಲಿ ಈಗ ಖರೇ ಉಳಿದಿರುವುದು ಸೂಡಿ ಎಂಬ ಎರಡಕ್ಷರ.

ಇನ್ನೊಂದು ಮಗ್ಗುಲಿನ ಕೆಲಸವಾದದ್ದು ಅದೇ ದಿನ ಸಂಜೆ. ಇಪ್ಪತ್ತೊಂದನೆಯ ಭಾಂಡೆ ಮುಗಿದಿತ್ತು. ಅವ್ವ ದೀಪ ಹಚ್ಚುತ್ತಿದ್ದಳು. ನೇಮಣ್ಣ ಉಳಿ ಸುತ್ತಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದ.

“ಕೂಡು. ಇನ್ನೊಂದೈತಿ,” ಎಂದಳು ಆಯಿ.

ಬದಿಗಿಟ್ಟಿದ್ದ ತಂಬಿಗೆಯನ್ನು ತಂದು, ಬರವಣಿಗೆಯಿಲ್ಲದ ಮಗ್ಗುಲನ್ನು ನನ್ನ ಕಡೆಗೆ ತಿರುಗಿಸಿ ಹಿಡಿದಳು.

“ಬರಿ.”

“ಏನ ಬರೀಲಿ ಆಯಿ?”

“ನನ್ನ ಹೆಸರ.”

ಸೀಮೆಸುಣ್ಣ ತಂಬಿಗೆಗೆ ತಾಗಿ ನಿಂತುಬಿಟ್ಟಿತು. ಆ ಮನೆಯ ಪ್ರತಿಯೊಂದು ಭಾಂಡೆಯ ಜಾಗ ನನಗೆ ಗೊತ್ತಿತ್ತು, ಪ್ರತಿಯೊಂದು ಕೆಲಸದ ಹೊತ್ತು ಗೊತ್ತಿತ್ತು. ಆಯಿಯ ಹೆಸರು ಗೊತ್ತಿರಲಿಲ್ಲ. ಅಪ್ಪನ ಕಡೆ ನೋಡಿದೆ. ಅಪ್ಪ ಆಯಿಯ ಕಡೆ ನೋಡಿದ. ಅವಳು ಬಾಗಿಲ ಹೊರಗಿರುವ ಯಾರನ್ನೋ ಒಳಗೆ ಕರೆಯುವವಳಂತೆ ಹೇಳಿದಳು:

“ತುಂಗವ್ವ.”

ನ‌ನ್ನ ಕೈಲಾದಷ್ಟು ದುಂಡಗೆ ಬರೆದೆ. ಬರೆದು, ರೂಢಿಯಂತೆ ಕೇಳಿದೆ:

“ಊರು? ತಾಲೂಕು?”

“ಬ್ಯಾಡ. ನಾ ಇನ್ನ ಎಲ್ಲಿಗಿ ಹೊಕ್ಕೇನಿ?”

ನೇಮಣ್ಣ ದೀಪದ ಹತ್ತಿರ ಸರಿದು ಕೂತು ಚುಕ್ಕಿ ಹೊಡೆದ. ಬಸ್ಸಿನ ಹಾರ್ನು ಕೇಳಿತು. ಕಾಕಾ ಓಡಿಹೋಗಿ ಬಸ್ಸನ್ನು ನಿಲ್ಲಿಸಿಕೊಂಡ. ಅಕ್ಕ ನೇಮಣ್ಣನ ಚೀಲಕ್ಕೆ ನಾಲ್ಕು ರೊಟ್ಟಿ, ಹಿಂಡಿ ಕಟ್ಟಿಕೊಟ್ಟಳು. ನಾನು ತಂಬಿಗೆಯ ಮೇಲಿನ ಸೀಮೆಸುಣ್ಣ ಒರೆಸಿ, ತಿಕ್ಕಿ ತೊಳೆದು, ತುಂಗವ್ವ ಎಂಬುದು ಎದುರಿಗೆ ಕಾಣುವಂತೆ ಹಲಗೆಯ ಮೇಲೆ ಮುತ್ತಜ್ಜನ ಹಂಡೆಯ ಪಕ್ಕ ಇಟ್ಟೆ. ಆಯಿ ಬಂದು ನೋಡಿದಳು. ಒಂದು ಬೆರಳಷ್ಟು ಸೊಟ್ಟಗಿತ್ತು. ತಿರುಗಿಸಿ ನೆಟ್ಟಗೆ ಮಾಡಿದಳು. ಅಂದಿನ ಕೆಲಸ ಮುಗಿಯಿತು.